ಪಾತ್ರೆ ಯಾವುದರದ್ದು ಅಂತ ನೋಡಿ ಕ್ಲೀನರ್ ಆರಿಸಿ: ಮನೆಯಲ್ಲಿ ಬಿಯರ್ ಮಾಡುವವರಿಗೆ

ರಾತ್ರಿ ಮಲಗುವ ಮುಂಚೆ ಎರಡು ಪಾತ್ರೆಗಳನ್ನು ನೆನೆಹಾಕಿದ್ದೆ. ಒಂದು ಸ್ಟೇನ್‌ಲೆಸ್ ಸ್ಟೀಲಿನ ಕೆಗ್, ಅಂದರೆ ಬಿಯರ್ ತುಂಬಿಡುವ ಪೀಪಾಯಿ. ಇನ್ನೊಂದು ವರ್ಟ್ (ಹುದುಗುವ ಮುಂಚಿನ ಮಾಲ್ಟಿನ ಸಿಹಿ ರಸ) ಕುದಿಸುವ ಅಲ್ಯೂಮಿನಿಯಂ ಪಾತ್ರೆ. ಎರಡಕ್ಕೂ ಒಂದೇ ಬಿಸಿನೀರು, ಕೊಳೆ ಬಿಡಿಸುವ ಒಂದೇ ಕ್ಷಾರದ ಪುಡಿ, ಪರ್‌ಕಾರ್ಬೊನೇಟ್. ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ನೋಡಿದರೆ ಕೆಗ್ ಫಳಫಳ ಹೊಳೆಯುತ್ತಿತ್ತು. ಅಲ್ಯೂಮಿನಿಯಂ ಪಾತ್ರೆಯ ಒಳಮೈ ಮಾತ್ರ ನೀರು ನಿಂತಷ್ಟು ಎತ್ತರಕ್ಕೂ ಇದ್ದಿಲು ಬಳಿದ ಹಾಗೆ ಕಪ್ಪಾಗಿತ್ತು. ಬೆರಳಿಟ್ಟರೆ ಬೆರಳೂ ಕಪ್ಪು.

ಆಗ ನೆನಪಾದದ್ದು ನಮ್ಮ ಮನೆಯ ಇಡ್ಲಿ ಪಾತ್ರೆ. ಅದರ ತಳದ ನೀರಿಗೆ ಅಮ್ಮ ಯಾವಾಗಲೂ ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯನ್ನೋ ಒಂದು ಎಸಳು ಹುಣಸೆಹಣ್ಣನ್ನೋ ಹಾಕುತ್ತಿದ್ದರು, ಪಾತ್ರೆ ಕಪ್ಪಾಗಬಾರದು ಅಂತ. ಗಡಸು ನೀರಿನ ಕ್ಷಾರ ಅಲ್ಯೂಮಿನಿಯಂ ಅನ್ನು ಕಪ್ಪು ಮಾಡುತ್ತದೆ, ಹುಳಿ ಅದನ್ನು ತಡೆಯುತ್ತದೆ. ನಾನು ಆ ರಾತ್ರಿ ಮಾಡಿದ್ದು ಅದರ ತದ್ವಿರುದ್ಧ: ಕ್ಷಾರವನ್ನೇ ಚಮಚಗಟ್ಟಲೆ ಸುರಿದು ಎಂಟು ಗಂಟೆ ಬಿಟ್ಟಿದ್ದೆ. ಅಂದಿನಿಂದ ಕ್ಲೀನರ್ ಡಬ್ಬಿಗೆ ಕೈ ಹಾಕುವ ಮುಂಚೆ ಕೊಳೆ ಎಂಥದ್ದು ಅಂತ ನೋಡುವುದಿಲ್ಲ, ಪಾತ್ರೆ ಯಾವುದರದ್ದು ಅಂತ ನೋಡುತ್ತೇನೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನನ್ನ ಹಾಗೆ ಅಮೆರಿಕದಲ್ಲಿದ್ದು ಮನೆಯಲ್ಲಿ ಬಿಯರ್ ಮಾಡುವ ಕನ್ನಡಿಗರಿಗೆ. ಇಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಲ್ಲಿರುವವರಿಗೆ ಕೊಂಬುಚಾ ಜಾಡಿಗೋ ವಿನೆಗರ್ ಭರಣಿಗೋ ಇವೇ ಮಾತುಗಳು ಉಪಯೋಗಕ್ಕೆ ಬರುತ್ತವೆ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ಹೊಸಬರು ಎಡವುವುದು ಇಲ್ಲೇ. ಕ್ಲೀನರ್ ಕೊಳೆ ತೆಗೆಯುತ್ತದೆ: ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಟು, ಯೀಸ್ಟಿನ ಗಷ್ಟು, ಮಾಲ್ಟಿನ ಸಕ್ಕರೆ. ಸ್ಯಾನಿಟೈಸರ್ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮತ್ತು ಕಾಡು ಯೀಸ್ಟನ್ನು ಕೊಲ್ಲುತ್ತದೆ. ಕೊಳೆ ಇದ್ದ ಕಡೆ ಸ್ಯಾನಿಟೈಸರ್ ಹೊಯ್ದರೆ ಅದು ಕೊಳೆಯ ಮೇಲ್ಪದರವನ್ನು ಒದ್ದೆ ಮಾಡಿ ಸುಮ್ಮನಾಗುತ್ತದೆ. ಕೆಳಗೆ ಅಡಗಿದ ಜೀವಿಗಳು ಹಾಯಾಗಿರುತ್ತವೆ. ಸ್ನಾನ ಮಾಡದೆ ಮಡಿ ಉಟ್ಟ ಹಾಗೆ.

ಬಿಯರ್ ಕೆಟ್ಟರೆ ಎಲ್ಲರೂ ಮೊದಲು ಸ್ಯಾನಿಟೈಸರ್ ಬದಲಾಯಿಸುತ್ತಾರೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ತೊಳೆಯುವುದರಲ್ಲೇ ಇರುತ್ತದೆ.

ಯಾವತ್ತೂ ಬೆರೆಸಬಾರದ್ದು

ಪಾತ್ರೆ ಹಾಳಾದರೆ ಇನ್ನೊಂದು ಕೊಳ್ಳಬಹುದು, ಜೀವ ಹಾಗಲ್ಲ, ಆದ್ದರಿಂದ ಈ ಮಾತು ಮೊದಲು. ಬ್ಲೀಚಿಗೆ ಯಾವ ಹುಳಿಯೂ ಸೇರಬಾರದು. ವಿನೆಗರ್ ಆಗಲಿ, ನಿಂಬೆಉಪ್ಪಾಗಲಿ, ಸ್ಟಾರ್ ಸ್ಯಾನ್ ತರಹದ ಆಮ್ಲದ ಸ್ಯಾನಿಟೈಸರ್ ಆಗಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೂ ವಿಷದ ಹೊಗೆಯೇ. ಒಂದೇ ಬಕೆಟ್ಟಿನಲ್ಲಿ ಒಂದಾದ ಮೇಲೊಂದು ಬಳಸುವಾಗ ನಡುವೆ ಚೆನ್ನಾಗಿ ಜಾಲಿಸದಿದ್ದರೂ ಇದು ಆಗಬಹುದು.

ಇನ್ನೊಂದು ಅಪಾಯ ಅನೇಕರಿಗೆ ಗೊತ್ತಿಲ್ಲ. ಪರ್‌ಕಾರ್ಬೊನೇಟ್ ಕರಗಿಸಿದ ನೀರಿನಿಂದ ಆಮ್ಲಜನಕ ಹೊರಬರುತ್ತಲೇ ಇರುತ್ತದೆ. ಅದನ್ನು ಗಾಜಿನ ಕಾರ್ಬಾಯ್‌ಗೆ (ಬಿಯರ್ ಹುದುಗಿಸುವ ಕಿರಿಬಾಯಿಯ ದೊಡ್ಡ ಜಾಡಿ) ತುಂಬಿಸಿ ಬಿರಡೆ ಬಿಗಿದರೆ, ಅಥವಾ ಉಳಿಯಿತು ಅಂತ ಬಾಟಲಿಗೆ ಹಾಕಿ ಮುಚ್ಚಿಟ್ಟರೆ, ಒತ್ತಡ ಏರಿ ಒಡೆಯುತ್ತದೆ. ಬಾಯಿ ತೆರೆದೇ ಬಿಡಿ, ಕೆಲಸ ಮುಗಿದ ಮೇಲೆ ಚೆಲ್ಲಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ನೀರಿಗೆ ಪುಡಿ ಹಾಕಿ, ಪುಡಿಯ ಮೇಲೆ ನೀರು ಹೊಯ್ಯಬೇಡಿ. ಯಾವ ಕ್ಲೀನರನ್ನೂ ಕುಡಿಯುವ ಬಾಟಲಿಗೆ ಸುರಿದಿಡಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಖಂಡಿತ ಬೇಡ.

ಹಂತ 1: ಕಪಾಟಿನಲ್ಲಿ ಇಷ್ಟಿದ್ದರೆ ಸಾಕು

ಬ್ರೂ ಅಂಗಡಿಯ ಗೋಡೆ ತುಂಬ ಡಬ್ಬಿಗಳಿರುತ್ತವೆ. ನಿಜವಾಗಿ ಬೇಕಾದವು ನಾಲ್ಕು.

ಮೊದಲನೆಯದು ಕ್ಷಾರದ ಕ್ಲೀನರ್. ಪಿಬಿಡಬ್ಲ್ಯೂ ಹೆಸರಿನದು ಬ್ರೂ ಮಾಡುವವರ ನಡುವೆ ಹೆಸರಾದದ್ದು. ಅದರಲ್ಲಿ ಪರ್‌ಕಾರ್ಬೊನೇಟ್ ಜೊತೆ ಮೆಟಾಸಿಲಿಕೇಟ್ ಇರುತ್ತದೆ. ಗ್ಯಾಲನ್ ಬಿಸಿನೀರಿಗೆ ಒಂದರಿಂದ ಎರಡು ಔನ್ಸ್, ಅಂದರೆ ಸುಮಾರು 30ರಿಂದ 60 ಗ್ರಾಂ. ಬಟ್ಟೆಯ ಕಲೆ ತೆಗೆಯುವ ಆಕ್ಸಿಕ್ಲೀನ್ ಕೂಡ ಪರ್‌ಕಾರ್ಬೊನೇಟಿನದೇ, ಬೆಲೆ ಕಡಿಮೆ. ಆದರೆ ಸುವಾಸನೆಯೂ ಬಣ್ಣವೂ ಇಲ್ಲದ ಬಗೆಯನ್ನೇ ತನ್ನಿ. ಗ್ಯಾಲನ್ನಿಗೆ ಒಂದು ದೊಡ್ಡ ಚಮಚ ಸಾಕು.

ಎರಡನೆಯದು ಹುಳಿ: ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್, ಅದೇ ನಮ್ಮ ನಿಂಬೆಉಪ್ಪು. ಸುಣ್ಣದ ಬಿಳಿ ಪದರ, ತಾಮ್ರದ ಕಿಲುಬು, ಕೆಗ್ಗಿನೊಳಗೆ ಕೂರುವ ಬಿಯರ್ ಸ್ಟೋನ್ ಎಂಬ ಕ್ಯಾಲ್ಸಿಯಂ ಆಕ್ಸಲೇಟಿನ ಗಟ್ಟಿ ಪದರ, ಇವು ಕ್ಷಾರಕ್ಕೆ ಬಗ್ಗುವುದಿಲ್ಲ. ಹುಳಿಗೇ ಬಗ್ಗಬೇಕು.

ಮೂರನೆಯದು ಆಕ್ಸಾಲಿಕ್ ಆಮ್ಲವಿರುವ ಬಾರ್ ಕೀಪರ್ಸ್ ಫ್ರೆಂಡ್ ಪುಡಿ, ಸ್ಟೀಲಿಗೆ. ನಾಲ್ಕನೆಯದು ಸ್ಯಾನಿಟೈಸರ್, ಅದರ ಮಾತು ಕೊನೆಯಲ್ಲಿ.

ಪಾತ್ರೆ ತೊಳೆಯುವ ಸಾಮಾನ್ಯ ಲಿಕ್ವಿಡ್ ಬಳಸಬಾರದೆಂದಿಲ್ಲ. ಆದರೆ ಅದರ ಪಸೆ ಉಳಿದರೆ ಬಿಯರಿನ ನೊರೆ ನಿಲ್ಲುವುದಿಲ್ಲ, ಅದರ ಪರಿಮಳ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಪರಿಮಳವಿಲ್ಲದ್ದು ಸಿಕ್ಕರೆ ತನ್ನಿ.

ಹಂತ 2: ಪಾತ್ರೆಯನ್ನು ಗುರುತಿಸಿ

ತಳ ತಿರುಗಿಸಿ ನೋಡಿ. 304 ಅಥವಾ 18/8 ಅಂತ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್. ದೊಡ್ಡದಾಗಿದ್ದೂ ಎತ್ತಲು ಹಗುರ, ಬಣ್ಣ ಮಂಕು ಬೂದು ಎಂದಾದರೆ ಅಲ್ಯೂಮಿನಿಯಂ. ಪ್ಲಾಸ್ಟಿಕ್ಕಿನ ತಳದ ತ್ರಿಕೋನದಲ್ಲಿ 1 ಇದ್ದರೆ ಪಿಇಟಿ, 2 ಇದ್ದರೆ ಎಚ್‌ಡಿಪಿಇ. ನಲ್ಲಿ, ಕೊಳವೆ, ವಾಷರ್‌ಗಳನ್ನೂ ಬೇರೆ ಬೇರೆಯಾಗಿ ನೋಡಿ. ಒಂದೇ ಸ್ಟೀಲ್ ಪಾತ್ರೆಗೆ ಹಿತ್ತಾಳೆಯ ನಲ್ಲಿ, ಸಿಲಿಕೋನ್ ವಾಷರ್ ಇರುವುದು ಸಾಮಾನ್ಯ.

ಸ್ಟೇನ್‌ಲೆಸ್ ಸ್ಟೀಲ್

ಪರ್‌ಕಾರ್ಬೊನೇಟ್, ಪಿಬಿಡಬ್ಲ್ಯೂ, ಸಿಟ್ರಿಕ್ ಆಸಿಡ್ ಎಲ್ಲವನ್ನೂ ತಡೆಯುವ ಲೋಹ ಇದು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಹೆಚ್ಚಿನ ಕೊಳೆ ತಾನೇ ಬಿಡುತ್ತದೆ.

ಇದರ ಶತ್ರು ಕ್ಲೋರಿನ್. ಸ್ಟೀಲಿನ ಮೇಲೆ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪದರವಿದೆ, ತುಕ್ಕು ಹಿಡಿಯದಿರುವುದು ಅದರಿಂದಲೇ. ಬ್ಲೀಚಿನ ಕ್ಲೋರೈಡ್ ಆ ಪದರವನ್ನು ಚುಕ್ಕೆ ಚುಕ್ಕೆಯಾಗಿ ತೂತು ಮಾಡುತ್ತದೆ. ಬ್ಲೀಚ್ ನೀರನ್ನು ಕೆಗ್ಗಿನಲ್ಲಿ ದಿನಗಟ್ಟಲೆ ಬಿಟ್ಟರೆ ಗೋಡೆಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಊರಿನಲ್ಲಿ ಬಚ್ಚಲಿಗೆ ಹಾಕುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಇನ್ನೂ ಕೆಟ್ಟದ್ದು. ಸ್ಟೀಲ್ ಪಾತ್ರೆಯ ಹತ್ತಿರವೂ ತರಬೇಡಿ.

ಕಬ್ಬಿಣದ ನಾರಿನಿಂದ ತಿಕ್ಕಬೇಡಿ. ಅದರ ಚೂರುಗಳು ಸ್ಟೀಲಿನ ಮೈಗೆ ಸಿಕ್ಕಿ ತುಕ್ಕು ಹಿಡಿಯುತ್ತವೆ, ನೋಡಿದವರು ಪಾತ್ರೆಗೇ ತುಕ್ಕು ಅಂದುಕೊಳ್ಳುತ್ತಾರೆ. ಹಾಗಾಗಿದ್ದರೆ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಮೆತ್ತಗೆ ಉಜ್ಜಿ, ಒಂದು ನಿಮಿಷ ಬಿಟ್ಟು, ಪುಡಿಯ ಲವಲೇಶವೂ ಉಳಿಯದಂತೆ ತೊಳೆಯಿರಿ. ಆಕ್ಸಾಲಿಕ್ ಆಮ್ಲ ಹೊಟ್ಟೆಗೆ ಹೋಗಬಾರದು. ಆಮೇಲೆ ಒಣಗಲು ಬಿಡಿ. ಗಾಳಿ ಸೋಕಿದರೆ ರಕ್ಷಣೆಯ ಪದರ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಅಲ್ಯೂಮಿನಿಯಂ

ಇಲ್ಲಿ ಹೊಳಪು ಬಂದರೆ ಕೆಲಸ ಕೆಟ್ಟಿತು ಅಂತ ಅರ್ಥ. ಮಂಕು ಬೂದು ಬಣ್ಣವೇ ಅದರ ಕವಚ. ಹೊಸ ಪಾತ್ರೆ ತಂದ ದಿನ ತುಂಬ ನೀರು ಹಾಕಿ ಅರ್ಧ ಗಂಟೆ ಕುದಿಸಿ, ಒಳಗೆ ಮಂಕು ಪದರ ಕೂರುತ್ತದೆ. ಅದನ್ನು ಉಜ್ಜಿ ಬೆಳಗಬೇಡಿ. ಪ್ರತಿ ಸಲ ಮೆತ್ತನೆ ಸ್ಪಂಜು, ಸ್ವಲ್ಪ ಸೋಪು, ಬಿಸಿನೀರು, ಅಷ್ಟೇ.

ಅಡಿ ಹತ್ತಿದರೆ ಪಿಬಿಡಬ್ಲ್ಯೂ ಹಾಕಿ ಸ್ವಲ್ಪ ಹೊತ್ತು ನೆನೆಸಬಹುದು. ಅದರಲ್ಲಿನ ಸಿಲಿಕೇಟ್ ಮೆತ್ತನೆ ಲೋಹಗಳನ್ನು ಒಂದಿಷ್ಟು ಕಾಪಾಡುತ್ತದೆ. ಆದರೂ ಅಲ್ಲೇ ನಿಂತು ನೋಡುತ್ತಿರಿ, ರಾತ್ರಿಯಿಡೀ ಬಿಡಬೇಡಿ. ಕಾಸ್ಟಿಕ್ ಸೋಡಾ ಇರುವ ಯಾವುದೂ, ಅಂದರೆ ಮೋರಿ ಕಟ್ಟಿದರೆ ಸುರಿಯುವ ಪುಡಿ, ಅವನ್ ಕ್ಲೀನರ್, ಖಂಡಿತ ಬೇಡ. ಅದು ಅಲ್ಯೂಮಿನಿಯಂ ಅನ್ನು ಕರಗಿಸಿ ಹೈಡ್ರೋಜನ್ ಬಿಡುತ್ತದೆ, ನೀರು ತಾನೇ ಬಿಸಿಯೇರುತ್ತದೆ.

ಕಪ್ಪಾದ ನನ್ನ ಪಾತ್ರೆಯನ್ನು ಎಸೆಯಲಿಲ್ಲ. ವಿನೆಗರ್ ಬೆರೆಸಿದ ನೀರನ್ನು ಒಂದು ಕುದಿ ಕುದಿಸಿದಾಗ ಕಪ್ಪು ಬಿಟ್ಟಿತು. ತೊಳೆದು ಮತ್ತೆ ಬರೀ ನೀರು ಕುದಿಸಿ ಮಂಕು ಮಾಡಿಕೊಂಡೆ. ಇವತ್ತಿಗೂ ಅದರಲ್ಲೇ ಕುದಿಸುತ್ತೇನೆ.

ತಾಮ್ರ ಮತ್ತು ಹಿತ್ತಾಳೆ

ವರ್ಟ್ ತಣಿಸುವ ಸುರುಳಿ ಚಿಲ್ಲರ್ ಸಾಮಾನ್ಯವಾಗಿ ತಾಮ್ರದ್ದು. ಇದರ ವಿದ್ಯೆ ನಮಗೆ ಹೊಸದಲ್ಲ. ಬಚ್ಚಲಿನ ಹಂಡೆಯನ್ನು, ದೇವರ ಮನೆಯ ತಂಬಿಗೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿದವರಿಗೆ ಗೊತ್ತು: ಹುಳಿ ಸೋಕಿದ ಕಡೆಯೆಲ್ಲ ಕಂದು ಬಣ್ಣ ಕರಗಿ ಗುಲಾಬಿ ತಾಮ್ರ ಕಣ್ಣೆದುರೇ ಹೊರಬರುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ. ವಿನೆಗರೂ ನಿಂಬೆಉಪ್ಪೂ ಮಾಡುವುದು ಅದನ್ನೇ. ನಾನು ಚಿಲ್ಲರಿಗೆ ವಿನೆಗರ್ ಬಳಸುತ್ತೇನೆ, ಸುರುಳಿಯ ಸಂದುಗಳಲ್ಲಿ ಹುಣಸೆಯ ನಾರು ಸಿಕ್ಕಿಕೊಳ್ಳುತ್ತದೆ ಅನ್ನುವ ಒಂದೇ ಕಾರಣಕ್ಕೆ.

ಪ್ರತಿ ಸಲ ಬೆಳಗಬೇಕಿಲ್ಲ. ಮಂಕು ಕಂದು ಬಣ್ಣ ಇದ್ದರೆ ಇರಲಿ. ಹಸಿರು ಕಿಲುಬು ಮಾತ್ರ ಒಂದು ಚುಕ್ಕೆಯೂ ಇರಬಾರದು, ಅದು ವಿಷ. ವರ್ಟ್ ಸ್ವಲ್ಪ ಹುಳಿ, ಪಿಎಚ್ 5ರ ಆಸುಪಾಸು. ಕಿಲುಬು ನೇರ ಬಿಯರಿಗೆ ಇಳಿಯುತ್ತದೆ. ಪರ್‌ಕಾರ್ಬೊನೇಟಿನಲ್ಲೋ ಬ್ಲೀಚಿನಲ್ಲೋ ತಾಮ್ರವನ್ನು ನೆನೆಹಾಕಬೇಡಿ, ಕಪ್ಪಾಗುತ್ತದೆ. ಕೆಲಸ ಮುಗಿದ ತಕ್ಷಣ, ವರ್ಟ್ ಒಣಗುವ ಮುಂಚೆ, ನೀರು ಹಾಯಿಸಿ ನೇತುಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಇದಕ್ಕೆ ಸ್ಯಾನಿಟೈಸರೂ ಬೇಡ. ಕುದಿಯುವ ವರ್ಟಿನಲ್ಲಿ ಕೊನೆಯ 15 ನಿಮಿಷ ಮುಳುಗಿಸಿಟ್ಟರೆ ಶಾಖವೇ ಎಲ್ಲವನ್ನೂ ಕೊಲ್ಲುತ್ತದೆ.

ಹಿತ್ತಾಳೆಯ ನಲ್ಲಿಗಳ ಮೇಲ್ಮೈಯಲ್ಲಿ ಒಂದಿಷ್ಟು ಸೀಸ ಇರಬಹುದು. ಹೊಸದಾಗಿ ತಂದಾಗ ಒಮ್ಮೆ ಎರಡು ಪಾಲು ವಿನೆಗರ್, ಒಂದು ಪಾಲು ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಮುಳುಗಿಸಿ. ಐದರಿಂದ ಹತ್ತು ನಿಮಿಷದಲ್ಲಿ ಬೆಣ್ಣೆಯ ಹಳದಿಗೆ ತಿರುಗುತ್ತದೆ. ನೀರು ಹಸಿರಾಗತೊಡಗಿದರೆ ಹೊತ್ತು ಮೀರಿತು, ತಾಮ್ರ ಕರಗುತ್ತಿದೆ. ಕೂಡಲೇ ತೆಗೆದು ತೊಳೆಯಿರಿ.

ಗಾಜು

ಗಾಜಿಗೆ ವಾಸನೆ ಹಿಡಿಯುವುದಿಲ್ಲ, ಸುಲಭಕ್ಕೆ ಗೀರು ಬೀಳುವುದಿಲ್ಲ, ಹೆಚ್ಚುಕಡಿಮೆ ಯಾವ ಕ್ಲೀನರೂ ಆಗುತ್ತದೆ. ಬಹಳ ಕಟು ಕ್ಷಾರದಲ್ಲಿ ದಿನಗಟ್ಟಲೆ ಬಿಟ್ಟರೆ ಮಾತ್ರ ಮೈ ಮಸುಕಾಗುತ್ತದೆ. ಭಯ ಇರುವುದು ಬೇರೆ ಕಡೆ. ತಣ್ಣನೆ ಕಾರ್ಬಾಯ್‌ಗೆ ಬಿಸಿನೀರು ಸುರಿದರೆ ಫಟ್ಟನೆ ಸೀಳುತ್ತದೆ. ಸೋಪಿನ ಕೈಯಲ್ಲಿ ಜಾರುತ್ತದೆ. ಉಗುರು ಬೆಚ್ಚಗಿನ ನೀರೇ ಸಾಕು, ಹೊತ್ತು ಮಾತ್ರ ಹೆಚ್ಚು ಕೊಡಿ.

ಹುದುಗುವಾಗ ಉಕ್ಕಿದ ನೊರೆ ಕುತ್ತಿಗೆಯ ಸುತ್ತ ಒಣಗಿ ಕಂದು ಬಳೆಯಂತೆ ಅಂಟಿಕೊಂಡಿರುತ್ತದೆ. ಅದನ್ನು ಬ್ರಷ್ ಹಾಕಿ ಕೆರೆಯಲು ಹೋಗಬೇಡಿ. ಪರ್‌ಕಾರ್ಬೊನೇಟ್ ನೀರನ್ನು ಆ ಬಳೆ ಮುಳುಗುವಷ್ಟು ತುಂಬಿಸಿ, ಬಾಯಿ ತೆರೆದಿಟ್ಟು, ಸುಮ್ಮನೆ ನೋಡಿ. ಸಣ್ಣ ಗುಳ್ಳೆಗಳು ಗಾಜಿಗೂ ಕೊಳೆಗೂ ನಡುವೆ ನುಸುಳುತ್ತವೆ, ಅಂಚು ಮೊದಲು ಏಳುತ್ತದೆ, ಆಮೇಲೆ ಕಾಯಿಸಿದ ಹಾಲಿನ ಕೆನೆ ಜಾರಿದ ಹಾಗೆ ಇಡೀ ಪದರ ಬಿಟ್ಟು ಕೆಳಗಿಳಿಯುತ್ತದೆ. ಬ್ರಷ್ಷಿನ ಕೆಲಸವೇ ಉಳಿಯುವುದಿಲ್ಲ.

ನಾನಿರುವ ಸ್ಯಾನ್ ಆಂಟೋನಿಯೊದ ನೀರು ಎಡ್ವರ್ಡ್ಸ್ ಅಕ್ವಿಫರ್ ಎಂಬ ಅಂತರ್ಜಲದ ಸುಣ್ಣಕಲ್ಲಿನಿಂದ ಬರುವುದು, ಕೋಲಾರದ ಬೋರ್‌ವೆಲ್ ನೀರಿನ ಹಾಗೆ ಗಡಸು. ಪರ್‌ಕಾರ್ಬೊನೇಟಿನಲ್ಲಿ ನೆನೆಸಿದ ಮೇಲೆ ಗಾಜಿನ ಮೇಲೆ ಬಿಳಿ ಪುಡಿಯ ಪದರ ಉಳಿಯುತ್ತದೆ. ಕೊಳೆ ಹೋಗಿಲ್ಲ ಅಂತ ಮತ್ತೆ ಅದೇ ಪುಡಿ ಹಾಕಿದರೆ ಪದರ ಇನ್ನೂ ದಪ್ಪವಾಗುತ್ತದೆ. ಅದು ಸುಣ್ಣ. ಒಂದು ಲೋಟ ವಿನೆಗರ್ ಹಾಕಿ ಅಲುಗಿಸಿ, ಮಾಯ.

ಪ್ಲಾಸ್ಟಿಕ್

ಸಾಂಬಾರು ಹಾಕಿದ ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಎಷ್ಟು ತೊಳೆದರೂ ಅರಿಶಿನದ ಬಣ್ಣ ಬಿಡುವುದಿಲ್ಲ, ಅಲ್ಲವೇ? ಬಿಯರಿನ ಬಕೆಟ್ಟೂ ಹಾಗೇ ಹೀರಿಕೊಳ್ಳುತ್ತದೆ: ಹಾಪ್ಸಿನ ವಾಸನೆ, ಸೋಪಿನ ಪರಿಮಳ, ಅಯೊಡಿನ್ ಬಣ್ಣ. ಬಣ್ಣದಿಂದ ತೊಂದರೆಯಿಲ್ಲ. ಗೀರಿನಿಂದ ಇದೆ. ಒರಟು ಸ್ಕ್ರಬರ್ ಒಮ್ಮೆ ಎಳೆದರೆ ಸಾಕು, ಆ ಗೀರಿನಲ್ಲಿ ಲ್ಯಾಕ್ಟೊಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಯಾವ ಸ್ಯಾನಿಟೈಸರೂ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ.

ಪರೀಕ್ಷೆ ಸುಲಭ. ಒಣಗಿದ ಬಕೆಟ್ಟಿನ ಒಳಗೋಡೆಯ ಮೇಲೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಸವರಿ. ಎಳೆ ಎಲ್ಲಿ ಸಿಕ್ಕಿ ನಿಲ್ಲುತ್ತದೋ ಅಲ್ಲಿ ಗೀರಿದೆ. ಹೆಚ್ಚಿದ್ದರೆ ಆ ಬಕೆಟ್ಟನ್ನು ಮಾಲ್ಟ್ ತುಂಬಿಡಲು ಇಟ್ಟುಕೊಂಡು ಹೊಸದು ತನ್ನಿ.

ಎಚ್‌ಡಿಪಿಇ ಬಿಸಿಯನ್ನು ಒಂದಿಷ್ಟು ತಡೆಯುತ್ತದೆ. ಪಿಇಟಿ ಕಾರ್ಬಾಯ್ ತಡೆಯುವುದಿಲ್ಲ. 60 ಡಿಗ್ರಿಯ ನೀರಿಗೇ ಸೊಟ್ಟಗಾಗುತ್ತದೆ. ಅದಕ್ಕೆ ಉಗುರು ಬೆಚ್ಚಗಿನ ಪರ್‌ಕಾರ್ಬೊನೇಟ್ ನೀರು, ಮೆತ್ತನೆ ಬಟ್ಟೆಯ ಒಂದು ತುಂಡು ಒಳಗೆ ಹಾಕಿ ಕುಲುಕುವುದು, ಇಷ್ಟೇ. ಗಾಜಿನಂತೆ ಪಾರದರ್ಶಕವಾದ ಅಕ್ರಿಲಿಕ್, ಪಾಲಿಕಾರ್ಬೊನೇಟ್ ಭಾಗಗಳಿಗೆ ಕಟು ಕ್ಷಾರವೂ ಸ್ಪಿರಿಟ್ಟೂ ತಾಗಬಾರದು, ಸಣ್ಣ ಬಿರುಕು ಬಿಡುತ್ತವೆ.

ಕೊಳವೆ, ವಾಷರ್, ನಲ್ಲಿ

ಸಿಲಿಕೋನ್ ಕೊಳವೆಯನ್ನು ಕುದಿಸಬಹುದು. ವಿನೈಲ್ ಕೊಳವೆ ಬಿಸಿಗೆ ಬಾಡುತ್ತದೆ. ಒಳಗೆ ಮಸುಕಾದರೆ, ವಾಸನೆ ಬಂದರೆ ಎಸೆಯಿರಿ, ಅದರ ಬೆಲೆ ಒಂದು ಬ್ಯಾಚ್ ಬಿಯರಿಗಿಂತ ಬಹಳ ಕಡಿಮೆ. ನಲ್ಲಿಗಳನ್ನು ಬಿಚ್ಚಿ ತೊಳೆಯಿರಿ. ಬಾಲ್ ವಾಲ್ವಿನ ಗುಂಡಿನ ಹಿಂದೆ ಹಳೆಯ ವರ್ಟ್ ಕೊಳೆತು ಕೂತಿರುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಆಮೇಲೆ ಯಾರೂ ಹೇಳಬೇಕಿಲ್ಲ. ಕೆಗ್ಗಿನ ರಬ್ಬರ್ ಉಂಗುರಗಳನ್ನು ಬೆಚ್ಚಗಿನ ಪಿಬಿಡಬ್ಲ್ಯೂ ನೀರಿನಲ್ಲಿ ನೆನೆಸಿ, ಒಣಗಿಸಿ, ಆಹಾರಕ್ಕೆ ಯೋಗ್ಯವಾದ ಕೆಗ್ ಲ್ಯೂಬ್ ಸವರಿ ಕೂರಿಸಿ.

ಹಂತ 3: ಜಾಲಿಸಿ, ಪರೀಕ್ಷಿಸಿ

ಕ್ಷಾರದ ಕ್ಲೀನರ್ ಬಳಸಿದ ಮೇಲೆ ಬೆರಳಾಡಿಸಿದರೆ ಲೋಳೆ ಲೋಳೆ ಜಾರಿದ ಹಾಗಾಗುತ್ತದೆ. ಅದು ಹೋಗುವವರೆಗೂ ಜಾಲಿಸುತ್ತಿರಿ. ಉಳಿದರೆ ಮುಂದೆ ಹಾಕುವ ಆಮ್ಲದ ಸ್ಯಾನಿಟೈಸರನ್ನು ಅದೇ ನಿಷ್ಫಲ ಮಾಡುತ್ತದೆ. ಆಮೇಲೆ ಒಂದು ಚೊಂಬು ಶುದ್ಧ ನೀರನ್ನು ಗೋಡೆಯ ಮೇಲೆ ಹರಿಸಿ. ಗಾಜು ಅಥವಾ ಸ್ಟೀಲು ಶುದ್ಧವಾಗಿದ್ದರೆ ನೀರು ತೆಳುಹಾಳೆಯಂತೆ ಜಾರುತ್ತದೆ. ಎಲ್ಲೋ ಒಂದು ಕಡೆ ಹನಿಹನಿಯಾಗಿ ಒಡೆದರೆ ಅಲ್ಲಿ ಜಿಡ್ಡಿದೆ. ಪ್ಲಾಸ್ಟಿಕ್ಕಿನ ಮೇಲೆ ನೀರು ಯಾವಾಗಲೂ ಹನಿಯಾಗುತ್ತದೆ, ಅಲ್ಲಿ ಮೂಗನ್ನೇ ನಂಬಬೇಕು.

ಹಂತ 4: ಸ್ಯಾನಿಟೈಸ್ ಮಾಡಿ

ಸ್ಟಾರ್ ಸ್ಯಾನ್ ಫಾಸ್ಫಾರಿಕ್ ಆಮ್ಲದ್ದು. 5 ಗ್ಯಾಲನ್ ನೀರಿಗೆ 1 ಔನ್ಸ್, ಅಂದರೆ 19 ಲೀಟರಿಗೆ 30 ಮಿಲಿ. ಮೈಯೆಲ್ಲ ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಸಾಕು, ತೊಳೆಯಬಾರದು, ನೊರೆ ಉಳಿದರೆ ಚಿಂತೆಯಿಲ್ಲ. ಗಡಸು ನೀರಿನಲ್ಲಿ ಬೇಗ ಹಾಲಿನಂತೆ ಬೆಳ್ಳಗಾಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ ಸ್ಪ್ರೇ ಬಾಟಲಿಗೆ ಹಾಕಿಟ್ಟರೆ ಬಹಳ ದಿನ ಬರುತ್ತದೆ. ಪಿಎಚ್ ಪಟ್ಟಿ 3ಕ್ಕಿಂತ ಮೇಲೆ ತೋರಿಸಿದರೆ ಚೆಲ್ಲಿ. ಅಮೃತಶಿಲೆಯ ಕಟ್ಟೆ, ಸಿಮೆಂಟು ನೆಲದ ಮೇಲೆ ಚೆಲ್ಲಿದರೆ ಕಲೆ ಕೊರೆಯುತ್ತದೆ, ತಕ್ಷಣ ಒರೆಸಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಅನ್ನು ಇದರಲ್ಲಿ ನೆನೆಹಾಕಿ ಮರೆಯಬೇಡಿ.

ಅಯೊಡಿನ್ ಇರುವ ಸ್ಯಾನಿಟೈಸರ್, ಅಂದರೆ ಅಯೊಡೊಫೋರ್ ಕೂಡ ಒಳ್ಳೆಯದೇ. 5 ಗ್ಯಾಲನ್ನಿಗೆ ಒಂದು ದೊಡ್ಡ ಚಮಚ, 10 ನಿಮಿಷ, ಸೋರಲು ಬಿಟ್ಟು ಒಣಗಿಸುವುದು. ಕಂದು ಬಣ್ಣ ಮಾಸಿದರೆ ಶಕ್ತಿ ಹೋಯಿತು ಅಂತ ಅರ್ಥ.

ಬ್ಲೀಚ್ ಅಗ್ಗ, ಕೊಲ್ಲುವುದೂ ಹೌದು. ಆದರೂ ನಾನು ಬೇಡ ಅನ್ನುತ್ತೇನೆ. ಮೊದಲ ವರ್ಷ ಬಾಟಲಿಗಳನ್ನು ಬ್ಲೀಚಿನಲ್ಲಿ ಅದ್ದಿ ಅವಸರದಲ್ಲಿ ಒಂದೇ ಸಲ ಜಾಲಿಸಿದ್ದೆ. ಮೂರು ವಾರ ಕಾದು ತೆರೆದ ಬಿಯರಿನಲ್ಲಿ ಆಸ್ಪತ್ರೆಯ ವಾರ್ಡಿನ ವಾಸನೆ. ಮಾಲ್ಟಿನಲ್ಲಿರುವ ಫೀನಾಲುಗಳ ಜೊತೆ ಕ್ಲೋರಿನ್ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ನಾಲಿಗೆ ಅದನ್ನು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಐವತ್ತು ಬಾಟಲಿ, ಒಂದೊಂದಾಗಿ ಸಿಂಕಿಗೆ. ಬೇರೇನೂ ಸಿಗದೆ ಬ್ಲೀಚೇ ಬಳಸಬೇಕಾದರೆ ಸುವಾಸನೆಯಿಲ್ಲದ್ದು, ಗ್ಯಾಲನ್ನಿಗೆ ಒಂದು ದೊಡ್ಡ ಚಮಚ, ಗಾಜಿಗೆ ಮತ್ತು ಬಕೆಟ್ಟಿಗೆ ಮಾತ್ರ, 20 ನಿಮಿಷ. ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿ ಕೆಳಗೆ ಮಾಡಿ ಸೋರಲು ಇಟ್ಟು, ತುಂಬಿಸುವ ಮುಂಚೆ ಪ್ರತಿ ಬಾಟಲಿಯನ್ನೂ ಮೂಸಿ ನೋಡಿ.